ಮುಟ್ಟಿದರೆ ಬರುವುದಲ್ಲ

ಇದನ್ನು ಹೇಳಲು ಹೊರಟಿದ್ದೇ ಒಂದು ಉದ್ಧಟತನ. ಓದುವವರು ಮೊದಲೇ ಮನ್ನಿಸಬೇಕು. ಚರ್ಮದ ಕೆಳಗೆ ಏನು ನಡೆಯುತ್ತದೆ ಎಂಬುದನ್ನು ಅದನ್ನು ಓದಿ ಪಾಸಾದವರು ಹೇಳಬೇಕು. ಒಬ್ಬ ಹೆಣ್ಣುಮಗಳ ಮೈಮೇಲೆ ಏನು ನಡೆಯಿತು ಎಂಬುದನ್ನು ಆ ಹೆಣ್ಣುಮಗಳೇ ಹೇಳಬೇಕು. ಎರಡೂ ಅಲ್ಲದವರು ನಡುವೆ ಬಾಯಿ ಹಾಕಿದರೆ ಎಲ್ಲಾದರೂ ತಪ್ಪುವುದು ಖಂಡಿತ. ಗೊತ್ತಿದ್ದ ಕಡೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನುವುದು ಬಿಟ್ಟರೆ ಬೇರೆ ದಾರಿ ತೋಚಲಿಲ್ಲ.

ಗದ್ದೆಮ್ಮನ ತವರು ಸಿಂಧನೂರಿನ ಹತ್ತಿರದ ಗೊರೇಬಾಳ, ಕೊಟ್ಟದ್ದು ಲಿಂಗಸುಗೂರಿಗೆ. ಗಂಡ ಮಾಳಿಂಗಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿಯುವವನು. ಕಂಪನಿ ಕ್ವಾರ್ಟರ್ಸಿಗೆ ಹೆಸರು ಹಚ್ಚಿದ್ದ, ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಅವನು ಅಲ್ಲಿ ಯಾರದೋ ಕೋಣೆಯಲ್ಲಿ ಇರುವುದು, ವಾರದ ರಜೆಗೆ ಊರಿಗೆ ಬರುವುದು; ಗದ್ದೆಮ್ಮ ಅತ್ತೆ ಅಮರಮ್ಮನ ಜೊತೆ ಲಿಂಗಸುಗೂರಿನ ಮನೆಯಲ್ಲಿ. ತೊಂಬತ್ತನೇ ಇಸವಿಯಲ್ಲಿ ಮಗಳು ಹುಟ್ಟಿದಳು. ಮಾಳಿಂಗಪ್ಪನ ಅಜ್ಜಿಯ ಹೆಸರು ಆದಮ್ಮ ಅಂತಿತ್ತು, ಅದನ್ನೇ ಇಟ್ಟರು.

ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಕೆಲವು ದಿನಕ್ಕೆ ಗದ್ದೆಮ್ಮನ ಮೊಣಕೈ ಮೇಲೆ ಕೆಂಪಗೆ ಒಂದು ಬಿಲ್ಲೆ ಎದ್ದಿತು. ಮೇಲೆ ಬೆಳ್ಳಗೆ ಪೊರೆ. ಕೆರೆದರೆ ಪೊರೆ ಉದುರುತ್ತಿತ್ತು, ಇನ್ನೂ ಕೆರೆದರೆ ರಕ್ತದ ಹನಿ ಸಣ್ಣಗೆ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ಆಮೇಲೆ ಮೊಣಕಾಲಿಗೆ ಬಂತು, ತಲೆಯ ಬುರುಡೆಗೆ ಬಂತು, ಸೊಂಟದಲ್ಲಿ ಸೀರೆ ಕಟ್ಟುವ ಜಾಗಕ್ಕೆ ಬಂತು.

ಅಮರಮ್ಮ ಕೆಟ್ಟವಳೆಂದು ಬರೆದರೆ ಅನ್ಯಾಯವಾದೀತು. ಮೊದಮೊದಲು ಅವಳೇ ಹೊಂಗೆಣ್ಣೆ ಬಿಸಿ ಮಾಡಿ ಸೊಸೆಯ ಮೈಗೆ ಹಚ್ಚಿದಳು, ಬೇವಿನ ತಪ್ಪಲು ಕುದಿಸಿದ ನೀರು ಹಾಕಿದಳು. ಆದರೆ ಬೆಳಿಗ್ಗೆ ಕಸ ಹೊಡೆಯುವಾಗ ಗದ್ದೆಮ್ಮ ಮಲಗಿದ್ದ ಕೌದಿಯ ಸುತ್ತ ಬಿಳಿ ಹೊಟ್ಟು ಬಿದ್ದಿರುತ್ತಿತ್ತು. ಅದನ್ನು ಬಾರಿಗೆಯಿಂದ ಬಾಗಿಲಾಚೆ ತಳ್ಳುವಾಗ ಎದುರು ಮನೆಯವರು ನೋಡುತ್ತಿದ್ದರು. ಹೆದರಿಕೆ ಅಲ್ಲಿಂದ ಶುರುವಾಯಿತು.

ಆ ವರ್ಷಗಳಲ್ಲಿ ಕುಷ್ಠರೋಗದ ಸರ್ವೆಯವರು ಮನೆಮನೆಗೆ ಬರುತ್ತಿದ್ದರು. ಮೈಮೇಲೆ ಮಚ್ಚೆ ಕಂಡರೆ ತೋರಿಸಿ ಅಂತ ಗೋಡೆಗಳ ಮೇಲೆ ಬರೆಸಿದ್ದರು. ಹಾಗೆ ಬಂದ ಒಬ್ಬಾತ ಗದ್ದೆಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಬಿಲ್ಲೆಗಳ ಮೇಲೆ ಕೋಳಿಪುಕ್ಕ ಆಡಿಸಿ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಪ್ರತಿ ಸಲ ಕೇಳಿದ. ಪ್ರತಿ ಸಲವೂ ಗೊತ್ತಾಯಿತು.

"ಇದು ಆ ಬ್ಯಾನಿ ಅಲ್ಲ ಬೇ ಯವ್ವ," ಅಂದ ಆತ. "ಬ್ಯಾರೇನೋ ಐತಿ. ದೊಡ್ಡ ದವಾಖಾನಿಗೆ ತೋರಸ್ರಿ."

ಆತ ಅಷ್ಟು ಹೇಳಿ ಸೈಕಲ್ ಹತ್ತಿ ಹೋದ. ಓಣಿಯವರು ಅವನ ಮಾತು ಕೇಳಿರಲಿಲ್ಲ. ಅವನು ಯಾರ ಮನೆಯ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದ ಎಂಬುದನ್ನು ಮಾತ್ರ ನೋಡಿದ್ದರು.

"ಅಲ್ಲ ಅಂದ್ರಂತ," ಅಮರಮ್ಮ ನೀರಿನ ನಲ್ಲಿಯ ಹತ್ತಿರ ಹೇಳಿದಳು.

"ಅಲ್ಲ ಅಂತ ಹೇಳಾಕ ಅಷ್ಟೊತ್ತು ಬೇಕೇನ ಬೇ?" ಒಬ್ಬಳು ಕೇಳಿದಳು. "ನಮ್ಮ ಮನಿಗೆ ಬಂದಾವ ನೀರೂ ಕುಡೀಲಿಲ್ಲ, ನಿಂತಕಾಲಾಗ ಹೋದ."

ಅಮರಮ್ಮ ಕೊಡ ಎತ್ತಿಕೊಂಡು ಮನೆಗೆ ಬಂದಳು. ಅವತ್ತು ಸಂಜೆ ಮೊಲೆಗೆ ಬಾಯಿ ಹಾಕಿದ್ದ ಕೂಸನ್ನು ಗದ್ದೆಮ್ಮನ ಮಡಿಲಿನಿಂದ ಎತ್ತಿಕೊಂಡಳು. "ಪೈಲೇ ಇದನ್ನ ಆರಾಮ ಮಾಡ್ಕೊ. ಆಮ್ಯಾಲ ಕೂಸು."

ಮಸ್ಕಿಯ ಗುಡ್ಡದ ಬುಡದಲ್ಲಿ ಹುಸೇನಪ್ಪ ಅಂತ ಚುಟಿಗಿ ಹಾಕುವವನಿದ್ದ. ಕಬ್ಬಿಣದ ಸಲಾಕೆಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮೈಮೇಲೆ ಗೆರೆ ಎಳೆಯುವುದೇ ಅವನ ಇಲಾಜು. ಕಾಮಾಲೆಗೆ, ಮಕ್ಕಳ ಹೊಟ್ಟೆನೋವಿಗೆ, ಬಿಡದ ಜ್ವರಕ್ಕೆ ಸುತ್ತಮುತ್ತಲಿನ ಊರವರು ಅವನ ಹತ್ತಿರವೇ ಹೋಗುತ್ತಿದ್ದರು. ಅವನದೊಂದು ಕಟ್ಟಳೆಯಿತ್ತು: ಚುಟಿಗಿ ಹಾಕಿಸಿಕೊಂಡವರು ತಮ್ಮ ಮನೆಯ ಹೊಸ್ತಿಲು ದಾಟುವ ತನಕ ಒಂದು ಮಾತೂ ಆಡಬಾರದು. ಆಡಿದರೆ ರೋಗ ಕಿವಿಗೊಟ್ಟು ಕೇಳಿ, ಅದೇ ಬಾಯಿಯಿಂದ ಹಿಂದಕ್ಕೆ ಬರುತ್ತದೆ. ಅಮರಮ್ಮ ಸೊಸೆಯನ್ನು ಅವನ ಹತ್ತಿರ ಕರೆದೊಯ್ದಳು.

"ಹೆಣ್ಮಕ್ಕಳ ಬಾಯಿ ಕಟ್ಟೋದು ನನ್ನ ಕೈಯಾಗಿಲ್ಲ," ಹುಸೇನಪ್ಪ ನಗುತ್ತ ಸಲಾಕೆ ತಿರುವಿದ. "ಬೆಂಕಿ ಹಚ್ಚೋದು ನನ್ನ ಕೆಲಸ, ಬಾಯಿ ಮುಚ್ಚೋದು ನಿನ್ನ ಕೆಲಸ."

ಬೆನ್ನ ಮೇಲೆ ಬೆನ್ನೆಲುಬಿನ ಎರಡೂ ಪಕ್ಕ ಉದ್ದುದ್ದ ಎಳೆದ. ಅದುವರೆಗೆ ಅವಳ ಬೆನ್ನಿನಲ್ಲಿ ಒಂದು ಬಿಲ್ಲೆಯೂ ಇರಲಿಲ್ಲ. ರೋಗಕ್ಕೆ ಹಿಂದಿನ ದಾರಿ ಕಡಿಯಬೇಕೆಂಬುದು ಅವನ ಲೆಕ್ಕ. ಗದ್ದೆಮ್ಮ ಸೆರಗು ಕಚ್ಚಿಕೊಂಡು ತಡೆದಳು. ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗವ್ವ?" ಅಂದಾಗಲೂ ಸುಮ್ಮನಿದ್ದಳು, ಅತ್ತೆಯೇ ಚೀಟಿ ತೆಗೆಸಿದಳು. ಲಿಂಗಸುಗೂರು ಇನ್ನೇನು ಬಂತು ಅನ್ನುವಾಗ ಬಸ್ಸು ತಗ್ಗಿಗೆ ಇಳಿದು ಎದ್ದಿತು, ಸುಟ್ಟ ಬೆನ್ನು ಸೀಟಿನ ಸರಳಿಗೆ ಬಡಿಯಿತು.

"ಯವ್ವಾ," ಅಂದಳು ಗದ್ದೆಮ್ಮ.

ಸುಟ್ಟ ಗಾಯ ಮಾಯುತ್ತ ಬಂತು. ಮಾಯುತ್ತ ಬಂದ ಹಾಗೆ ಆ ಗೆರೆಗಳ ಮೇಲೆಯೇ ಅದೇ ಕೆಂಪು, ಅದೇ ಬಿಳಿ ಪೊರೆ ಎದ್ದಿತು. ಗೆರೆ ಎಷ್ಟು ನೆಟ್ಟಗಿತ್ತೋ ರೋಗವೂ ಅಷ್ಟೇ ನೆಟ್ಟಗೆ, ಯಾರೋ ಹಗ್ಗ ಹಿಡಿದು ನಾಟಿ ಮಾಡಿದ ಹಾಗೆ ಬೆಳೆಯಿತು. ಅಮರಮ್ಮ ಮತ್ತೆ ಮಸ್ಕಿಗೆ ಹೋಗಿ ಕೇಳಿ ಬಂದಳು. ಹುಸೇನಪ್ಪ ಒಂದೇ ಮಾತು ಹೇಳಿದ್ದ: "ದಾರ್‍ಯಾಗ ಬಾಯಿ ಬಿಟ್ಟಿರಬೇಕು, ಕೇಳು."

"ಬಿಟ್ಟಿದ್ದಿ," ಅಮರಮ್ಮ ಸೊಸೆಗೆ ಹೇಳಿದಳು. "ನನ್ನ ಕಿವಿಲೆ ಕೇಳೀನಿ. ಯವ್ವಾ ಅಂದಿ."

ಗದ್ದೆಮ್ಮನಿಗೆ ಅಲ್ಲ ಅನ್ನಲು ಬರಲಿಲ್ಲ, ಏಕೆಂದರೆ ಅಂದದ್ದು ಖರೆ. ಬಹಳ ದಿನ ಅವಳು ತನ್ನ ಆ ಒಂದು ಕೂಗನ್ನೇ ಬೈದುಕೊಂಡಳು.

ರಜೆಗೆ ಬಂದ ಮಾಳಿಂಗಪ್ಪನ ಎದುರಿಗೆ ಅಮರಮ್ಮ ತೀರ್ಮಾನ ಹೇಳಿದಳು. ಗದ್ದೆಮ್ಮ ತವರಿಗೆ ಹೋಗಬೇಕು, ಮೈ ಸ್ವಚ್ಛ ಮಾಡಿಕೊಂಡು ಬರಬೇಕು, ಬಂದ ದಿನ ಕೂಸು ಅವಳ ಕೈಗೆ. ಅಲ್ಲಿಯ ತನಕ ಕೂಸು ಇಲ್ಲಿಯೇ. ಮಾಳಿಂಗಪ್ಪ ಬೂಟಿನ ದಾರ ಕಟ್ಟುತ್ತ, ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂತಿದ್ದ. "ಯವ್ವ ಹೇಳೋದು ಕೂಸಿನ ಸಲುವಾಗಿ ಐತಿ," ಅಂದ ಕೊನೆಗೆ.

ಗೊರೇಬಾಳದಲ್ಲಿ ಅಣ್ಣ ದುರುಗಪ್ಪನ ಮನೆ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ನಾಟಿ ನಡೆದಿತ್ತು. ಗದ್ದೆಮ್ಮ ಮದುವೆಗೆ ಮುಂಚೆ ಹೋಗುತ್ತಿದ್ದ ಗುಂಪಿನಲ್ಲಿಯೇ ಮತ್ತೆ ನಾಟಿಗೆ ನಿಂತಳು. ಕೆಸರು ನೀರಲ್ಲಿ ದಿನವಿಡೀ ನಿಂತು ಮೊಣಕಾಲಿನ ಬಿಲ್ಲೆಗಳು ಸೀಳುತ್ತಿದ್ದವು. ಮೊಲೆಹಾಲು ಬತ್ತಿಸಿಕೊಳ್ಳಲು ಎದೆಗೆ ಬಟ್ಟೆ ಬಿಗಿದಿದ್ದಳು. ಸಾಲಿನಲ್ಲಿ ಯಾವುದಾದರೂ ಕೂಸು ಅತ್ತರೆ ಬಟ್ಟೆ ಒದ್ದೆಯಾಗುತ್ತಿತ್ತು. ಪಕ್ಕದ ಸಾಲಿನಲ್ಲಿ ಯಾವಾಗಲೂ ಲಾಲ್‌ಬೀ. ಚಿಕ್ಕಂದಿನಿಂದ ಒಟ್ಟಿಗೆ ದುಡಿದವರು.

"ಏನ್ ಬೇ ಗದ್ದಿ, ಹಾವಿನಂಗ ಪೊರಿ ಬಿಡಾಕತ್ತಿ?" ಲಾಲ್‌ಬೀ ಸೊಂಟ ನೆಟ್ಟಗೆ ಮಾಡಿ ಕೇಳಿದಳು. "ಹಾವಾದ್ರ ಆಗು, ನಿಮ್ಮತ್ತೀನ ಒಂದು ಸಲ ಕಡದು ಬಾ."

"ನಗಬ್ಯಾಡ ಲೇ. ನನ್ನ ಕೂಸು ಅಲ್ಲೈತಿ."

"ನಗಲಿಲ್ಲ ಅಂದ್ರ ನೀ ಅಳ್ತಿ. ಕೇಳು, ಸಿಂಧನೂರಾಗ ಸೂಜಿ ಡಾಕ್ಟರ ಅದಾನ. ನಮ್ಮ ಮಾಮೂಗ ತುರಿಕಿ ಆಗಿತ್ತು, ಎರಡು ಸೂಜಿ, ಖಲಾಸ್. ಆತನ ಮುಂದ ಏನೂ ಹೇಳೂದ ಬ್ಯಾಡ, ತೋಳ ಚಾಚಿದ್ರ ಸಾಕು."

ಸೂಜಿ ಡಾಕ್ಟರಿಗೆ ನಿಜವಾದ ಹೆಸರೇನಿತ್ತೋ, ಓದೇನಿತ್ತೋ ಯಾರಿಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಂದು ಕೋಣೆ, ಒಂದು ಬೆಂಚು, ಕುದಿಯುವ ನೀರಿನಲ್ಲಿ ಸೂಜಿಗಳು. ಆತ ಗದ್ದೆಮ್ಮನ ಬೆನ್ನು ನೋಡಿ "ಚಿಂತಿ ಮಾಡಬ್ಯಾಡ" ಎಂದಷ್ಟೇ ಹೇಳಿ ಸೂಜಿ ಚುಚ್ಚಿದ. ದಿನಾ ನುಂಗಲು ಸಣ್ಣ ಬಿಳಿ ಗುಳಿಗೆ ಕಾಗದದಲ್ಲಿ ಸುತ್ತಿಕೊಟ್ಟ.

ಬಿಲ್ಲೆಗಳು ಮೊದಲು ಚಪ್ಪಟೆಯಾದವು, ಆಮೇಲೆ ಬಣ್ಣ ಬಿಟ್ಟವು, ಆಮೇಲೆ ಇಲ್ಲವಾದವು. ಬೆನ್ನಿನ ಗೆರೆಗಳು ಬರಿಯ ಸುಟ್ಟ ಕಲೆಗಳಾಗಿ ಉಳಿದವು. ಗದ್ದೆಮ್ಮ ತನ್ನ ಮೊಣಕೈಯನ್ನು ತಾನೇ ಸವರಿ ಸವರಿ ನೋಡಿಕೊಂಡಳು. ಮೂರನೇ ಸಲದ ಗುಳಿಗೆಗಳನ್ನು ಕಟ್ಟಿಸಿಕೊಂಡು ದುರುಗಪ್ಪನ ಜೊತೆ ಲಿಂಗಸುಗೂರಿನ ಬಸ್ಸು ಹತ್ತಿದಳು.

ಅಮರಮ್ಮ ಅವಳನ್ನು ಹಿತ್ತಲಿಗೆ ಕರೆದೊಯ್ದು ಬಿಸಿಲಲ್ಲಿ ನಿಲ್ಲಿಸಿ, ಕುಪ್ಪಸ ಬಿಚ್ಚಿಸಿ, ತಲೆಗೂದಲು ಬಗೆದು ಬುರುಡೆ ನೋಡಿದಳು. ಕೊಳ್ಳುವ ಎಮ್ಮೆಯನ್ನು ನೋಡುವ ಹಾಗೆ ನೋಡಿದಳು ಅನ್ನಬಹುದು. ಆದರೆ ನೋಡಿ ಮುಗಿಸಿದ ಮೇಲೆ ಅವಳ ಕಣ್ಣಲ್ಲೂ ನೀರಿತ್ತು. "ತಗೋ," ಅಂದಳು, ಕೂಸನ್ನು ಕೊಟ್ಟಳು.

ಕೂಸು ಅತ್ತಿತು. ಅಷ್ಟರಲ್ಲಿ ಅದು ನಡೆಯಲು ಕಲಿತಿತ್ತು, ಅಜ್ಜಿಯನ್ನೇ ಅವ್ವ ಅನ್ನುತ್ತಿತ್ತು. ಗದ್ದೆಮ್ಮ ಅವಸರ ಮಾಡಲಿಲ್ಲ. ಬೆಲ್ಲದ ಚೂರು ಕೊಟ್ಟು, ಎತ್ತಿಕೊಂಡು ಓಣಿಯ ಮೇಕೆಗಳನ್ನು ತೋರಿಸಿ, ಒಂದೊಂದೇ ಹೆಜ್ಜೆಯಾಗಿ ಮಗಳನ್ನು ತನ್ನ ಕಡೆ ತಿರುಗಿಸಿಕೊಂಡಳು. ಮಾಗಿ ಕಳೆಯುವ ಹೊತ್ತಿಗೆ ಆದಮ್ಮ ನಿದ್ದೆಯಲ್ಲೂ ಅವಳ ಸೆರಗನ್ನೇ ಹುಡುಕುತ್ತಿದ್ದಳು. ಗದ್ದೆಮ್ಮನ ಮುಖ ದುಂಡಗಾಗಿತ್ತು. "ಹುಣ್ಣಿವಿ ಚಂದ್ರಾಮ ಆಗೀದಿ ನೋಡು," ಎಂದು ಮಾಳಿಂಗಪ್ಪ ರಜೆಗೆ ಬಂದಾಗ ಕೆನ್ನೆ ಹಿಂಡುತ್ತಿದ್ದ. ತವರಿನ ಅನ್ನ ಹತ್ತಿದೆ ಅಂತ ಎಲ್ಲರೂ ತಿಳಿದರು. ಅದು ಗುಳಿಗೆಯ ಬಾವು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಗುಳಿಗೆ ಮುಗಿದಾಗಲೆಲ್ಲ ಮಾಳಿಂಗಪ್ಪ ಸಿಂಧನೂರಿನ ಕಡೆ ಹೋಗುವವರ ಕೈಯಲ್ಲಿ ತರಿಸುತ್ತಿದ್ದ. ಒಂದು ದಿನ ಅಮರಮ್ಮ ತಡೆದಳು. "ಬ್ಯಾನಿ ಹೋಗೇತಿ, ಇನ್ನೂ ಯಾಕ ನುಂಗತಿ? ಗುಳಿಗಿ ಕಾವು ಗರ್ಭಕ್ಕ ಹತ್ತತೈತಿ. ಒಂದು ಗಂಡು ಆಗೋದು ಬ್ಯಾಡೇನು?"

ಮಾತು ಒಳ್ಳೆಯದಕ್ಕೇ ಆಡಿದ್ದು. ಗದ್ದೆಮ್ಮನಿಗೂ ಅದು ಸರಿ ಅನ್ನಿಸಿತು. ಆರಾಮಾದವರು ಯಾಕೆ ಔಷಧ ನುಂಗಬೇಕು? ಅವತ್ತಿಗೇ ಬಿಟ್ಟಳು.

ಕೆಲವೇ ದಿನಗಳಲ್ಲಿ ಚಳಿಜ್ವರ ಹತ್ತಿತು. ಮೈಯೆಲ್ಲ ಕುದಿನೀರು ಬಿದ್ದವರ ಹಾಗೆ ಕೆಂಪಾಯಿತು. ಬಿಲ್ಲೆ ಬಿಲ್ಲೆಯಾಗಿ ಅಲ್ಲ, ಅಂಗಾಲಿನಿಂದ ನೆತ್ತಿಯ ತನಕ ಒಂದೇ ಹಾಸು. ಅದರ ಮೇಲೆ ಸಾಸಿವೆಯಷ್ಟು ಸಣ್ಣ ಕೀವಿನ ಗುಳ್ಳೆಗಳು. ಮುಟ್ಟಿದಲ್ಲಿ ಚರ್ಮ ಹಾಳೆ ಹಾಳೆಯಾಗಿ ಕೈಗೆ ಬರುತ್ತಿತ್ತು. ಅಮರಮ್ಮ ಕೂಸನ್ನು ಎತ್ತಿಕೊಂಡು ಎದುರು ಮನೆಗೆ ಓಡಿದವಳು ಮತ್ತೆ ಒಳಗೆ ಕಾಲಿಡಲಿಲ್ಲ. ದುರುಗಪ್ಪ ಜೀಪು ಮಾಡಿಕೊಂಡು ಬಂದು ತಂಗಿಯನ್ನು ಬಾಳೆ ಎಲೆಯ ಮೇಲೆ ಮಲಗಿಸಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದ.

ಅಲ್ಲಿ ಚರ್ಮದ ವಿಭಾಗದಲ್ಲಿ ಧಾರವಾಡದ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ಜ್ವರ ಇಳಿದು, ಕೆಂಪು ಇಳಿದು, ಗದ್ದೆಮ್ಮ ಎದ್ದು ಕೂರುವ ಹಾಗಾದ ಮೇಲೆ, ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿಕೊಂಡು ಹೋಗಿ ಯಂತ್ರದ ಕೆಳಗೆ ನೋಡಿ ಬಂದು, ಮಂಚದ ಪಕ್ಕ ಸ್ಟೂಲು ಎಳೆದು ಕೂತರು. ಅವರು ಹೇಳಿದ್ದು ಇದೇ ಮಾತುಗಳಲ್ಲಿತ್ತು ಎಂದು ಆಣೆ ಮಾಡಲಾಗದು. ಗದ್ದೆಮ್ಮನಿಗೆ ನಿಲುಕಿದ್ದು ಹೀಗೆ.

"ನೀ ಭತ್ತ ಹಚ್ಚಾಕಿ ಅಲ್ಲೇನವ್ವ? ನಮ್ಮ ತೊಗಲೂ ಒಂದು ಬೆಳಿನಽ. ತಳದಾಗ ಹುಟ್ಟಿದ ಕಣ ಮ್ಯಾಲ ಬಂದು ಉದುರಾಕ ಒಂದು ತಿಂಗಳ ಹಿಡೀತೈತಿ. ನಿನ್ನವು ನಾಕೈದು ದಿನದಾಗ ಮ್ಯಾಲ ಬಂದು ನಿಂದರತಾವ. ಬಲಿಯಾಕ ಹೊತ್ತಽ ಇಲ್ಲ. ಹಚ್ಚಿದ ವಾರಕ್ಕ ತೆನಿ ಬಂದ್ರ ಏನ್ ಆಗತೈತಿ?"

"ಜೊಳ್ಳ ಆಗತೈತ್ರಿ."

"ಆ ಜೊಳ್ಳಽ ನಿನ್ನ ಕೌದಿ ಮ್ಯಾಲ ಬೀಳೋದು."

"ಹಂಗ್ಯಾಕ ಅವಸರ ಮಾಡ್ತಾವ್ರಿ ಅವು?"

ಡಾಕ್ಟರಮ್ಮ ನಕ್ಕರು. "ರಕ್ತದಾಗ ಬಿಳಿ ಕಣ ಇರ್ತಾವ, ಕಾವಲುಗಾರರು ಅಂತ ತಿಳಿ. ಹೊರಗಿಂದ ರೋಗ ಬಂದ್ರ ಇವು ಕೂಗಿ ಉಳಿದವನ್ನ ಕರೀತಾವ. ಕೂಗು ಅಂದ್ರ ದನಿ ಅಲ್ಲ, ಒಂದು ಥರದ ರಸ. ಒಂದು ಕಣ ಬಿಡತೈತಿ, ಇನ್ನೊಂದಕ್ಕ ಹೋಗಿ ತಾಕತೈತಿ. ಕಳ್ಳ ಓಡಿಹೋದ ಮ್ಯಾಲ ಕಾವಲಿನವರು ಸುಮ್ಮನಾಗಬೇಕು. ನಿನ್ನವು ಕಳ್ಳ ಇಲ್ಲದಽ ಕೂಗತಾವ. ಆ ಕೂಗಿಗೆ ತೊಗಲಿನ ಕಣ ಗಾಬರಿಬಿದ್ದು ಬೆಳೀತಾವ, ಬೆಳಕೋತ ತಾವೂ ಕೂಗತಾವ, ಅದನ್ನ ಕೇಳಿ ಇನ್ನಷ್ಟು ಕಾವಲಿನವರು ಬರ್ತಾರ. ನಿಂದರಸಾವರು ಯಾರೂ ಇಲ್ಲ. ಆ ಸೂಜಿ, ಗುಳಿಗಿ ಮಾಡಿದ್ದೇನು? ಎಲ್ಲಾರ ಬಾಯಿ ಕಟ್ಟಿತ್ತು. ನೀ ಒಮ್ಮೆಲೇ ಬಿಚ್ಚಿಬಿಟ್ಟಿ, ಎಲ್ಲಾ ಕೂಡೇ ಒದರಿದವು."

"ಬೆನ್ನಿಗೆ ಚುಟಿಗಿ ಹಾಕಿದಾಗ..."

"ಈ ಬ್ಯಾನಿ ಇದ್ದವರಿಗೆ ಎಲ್ಲಿ ಗಾಯ ಆಗತೈತೋ ಅಲ್ಲಿ ಅದು ಏಳತೈತಿ. ಚುಟಿಗಿ ಹಾಕಿದವ ಅದಕ್ಕ ದಾರಿ ಬರದು ಕೊಟ್ಟ. ನೀ ಬಾಯಿ ಬಿಟ್ಟಿದ್ರೂ ಅಷ್ಟಽ, ಮುಚ್ಚಿದ್ರೂ ಅಷ್ಟಽ."

ಗದ್ದೆಮ್ಮ ಬೆನ್ನಿನ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, ಬಂದ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದಳು. "ನನ್ನ ಕೂಸನ್ನ ಮುಟ್ಟಬಹುದೇನ್ರಿ?"

"ಮುಟ್ಟು, ಅಪ್ಪಿಕೊ, ಒಂದಽ ಕೌದ್ಯಾಗ ಮಲಗು. ಇದು ಮುಟ್ಟಿದ್ರ ಬರೋದಲ್ಲ. ನೀ ಉಂಡ ತಾಟಿನ್ಯಾಗ ನಾ ಉಣ್ತೀನಿ, ತರಸು ಬೇಕಾದ್ರ."

ದುರುಗಪ್ಪ ಗೋಡೆಗೆ ಒರಗಿದ್ದವನು ಎದ್ದು ನಿಂತ. ಅಣ್ಣ ತಂಗಿ ಇಬ್ಬರೂ ನಕ್ಕರು. ಡಾಕ್ಟರಮ್ಮ ಏಳುತ್ತ, ಕೇಳಲೇಬೇಕಾದದ್ದೆಂದು ಕೇಳಿದರು: "ನಿಮ್ಮ ಮನಿತನದಾಗ ಯಾರಿಗಾದ್ರೂ ಹಿಂಗ ಇತ್ತೇನು?"

ನಗು ನಿಂತಿತು. ಅಣ್ಣ ತಂಗಿಯ ಅಪ್ಪ ಮುದುಕಪ್ಪ ಕುರಿ ಕಾಯುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಮೊಣಕೈ ಯಾವಾಗಲೂ ಒರಟು, ತಲೆಯಿಂದ ಬೂದಿ ಉದುರುತ್ತಿತ್ತು. ಕುರಿಗೆ ಔಷಧಿ ಹೊಡೆದು ಹಾಗಾಗಿದೆ ಎಂದು ಅವನೇ ಹೇಳುತ್ತಿದ್ದ, ಯಾರೂ ಹೆಚ್ಚು ಕೇಳಿರಲಿಲ್ಲ.

"ಹಂಗಾದ್ರ ಬೀಜ ಅಲ್ಲಿಂದ ಬಂದೈತಿ," ಅಂದರು ಡಾಕ್ಟರಮ್ಮ. "ಹೆತ್ತವರಿಂದ ಮಕ್ಕಳಿಗೆ ಇಳಿಯೋದು ಐತಿ ಇದರಾಗ. ಬೀಜ ಇದ್ದವರಿಗೆಲ್ಲಾ ಬರಂಗಿಲ್ಲ. ನಿಮ್ಮ ಅಣ್ಣಗ ಬಂದಿಲ್ಲಲ್ಲ. ಯಾಕಂತ ನಮಗೂ ಗೊತ್ತಿಲ್ಲ."

"ನನ್ನ ಮಗಳಿಗೆ?"

"ಬರದಿರೋದಽ ಹೆಚ್ಚು. ಬರಬಹುದು ಕೂಡ. ಮೊದಲಽ ತಿಳಿಯೋ ಉಪಾಯ ನಮ್ಮ ಹತ್ರ ಇಲ್ಲವ್ವ."

ಊರಿಗೆ ತಿರುಗಿ ಬರುವ ಬಸ್ಸಿನಲ್ಲಿ ದುರುಗಪ್ಪ ಕಿಟಕಿಯಾಚೆ ನೋಡುತ್ತ ಹೇಳಿದ: "ಮುಟ್ಟಿದ್ರ ಬರಂಗಿಲ್ಲ ಅಂದದ್ದಷ್ಟು ಹೇಳೋಣು. ಅಪ್ಪನ ಮಾತು ಬ್ಯಾಡ." ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದರು.

ಲಿಂಗಸುಗೂರಿನಲ್ಲಿ ಓಣಿಯ ಹಿರಿಯ ಅಮರಗುಂಡಪ್ಪನ ಕಟ್ಟೆಯ ಮೇಲೆ ಮಾತಿಗೆ ಕೂತರು. ಅಮರಗುಂಡಪ್ಪ ನ್ಯಾಯವಂತ ಎಂದು ಹೆಸರಾದವನು, ಆ ಹೆಸರು ಸುಳ್ಳೂ ಅಲ್ಲ. ಅಮರಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಮಾಳಿಂಗಪ್ಪ ಹಟ್ಟಿಯಿಂದ ನೇರ ಬಂದವನು ಕಟ್ಟೆಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನೋಡಲು ಬಂದ ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು. ಆದಮ್ಮ ತಾಯಿಯನ್ನು ಕಂಡು ಕೈಚಾಚಿ ಒದರಾಡಿದಳು. ಅಮರಮ್ಮ ಅವಳ ಕೈಯನ್ನು ಮಡಚಿ ಹಿಡಿದಳು.

"ನೋಡವ್ವ ಗದ್ದೆಮ್ಮ," ಅಮರಗುಂಡಪ್ಪ ಶುರುಮಾಡಿದ. "ಮುಟ್ಟು ಬ್ಯಾನಿ ಅಂದ್ರ ಕೂಸು ಇಲ್ಲಿ, ನೀ ಅಲ್ಲಿ, ಅದರಾಗ ಎರಡು ಮಾತಿಲ್ಲ. ಮುಟ್ಟು ಬ್ಯಾನಿ ಅಲ್ಲ ಅಂದ್ರ ಹೆತ್ತಾಕಿಯಿಂದ ಕೂಸನ್ನ ಕಿತ್ತಿಡಾಕ ಯಾವನಿಗೂ ಹಕ್ಕಿಲ್ಲ. ಬಳ್ಳಾರ್‍ಯಾಗ ಏನಂದ್ರು ಹೇಳು."

"ಮುಟ್ಟು ಬ್ಯಾನಿ ಅಲ್ಲಂತ್ರಿ," ದುರುಗಪ್ಪನೇ ಹೇಳಿದ. "ಡಾಕ್ಟರಮ್ಮ ತನ್ನ ಬಾಯಿಲೆ ಹೇಳ್ಯಾಳ."

"ಅಲ್ಲ ಅಂದ್ರ ಹೆಂಗ ಬಂತಪ?" ಅಮರಗುಂಡಪ್ಪ ಕೇಳಿದ. ಕೆಣಕಿ ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದ್ದು. "ಹೊರಗಿಂದ ಬರಲಿಲ್ಲ ಅಂದ್ರ ಒಳಗಿಂದ ಬಂದಿರಬೇಕು."

ದುರುಗಪ್ಪ ತಡವರಿಸಿದ. ಗೋಡೆಯ ಬಳಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿತು: "ರಕ್ತದಾಗಽ ಇರಬೇಕು ಬೇ. ಹಂಗಿದ್ರ ಕೂಸಿಗೂ ಐತಿ."

ಅಮರಮ್ಮ ತನ್ನ ಸೊಂಟದ ಮೇಲಿದ್ದ ಮೊಮ್ಮಗಳ ಕಡೆ ತಿರುಗಿದಳು. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ಕೂಸನ್ನು, ಒಂದು ಗಳಿಗೆ, ಯಾರದೋ ಕೂಸು ಅನ್ನುವ ಹಾಗೆ ನೋಡಿದಳು. ಅದರ ತೋಳನ್ನು ಬೆಳಕಿಗೆ ಹಿಡಿದು ಮೊಣಕೈ ನೋಡಿದಳು.

"ಖರೇನ ಗದ್ದೆವ್ವ?" ಅಂದಳು. "ರಕ್ತದಾಗ ಐತಂದ್ರ ಹೇಳಿಬಿಡು. ಇಬ್ಬರನ್ನೂ ನಿಮ್ಮಣ್ಣ ಕರಕೊಂಡು ಹೋಗ್ಲಿ. ನಾಳೆ ಇದನ್ನ ಯಾರು ತಗೊಂತಾರ? ನನ್ನ ಮಗಗ ಬ್ಯಾರೇ ದಾರಿ ನೋಡ್ತೀನಿ."

ಕೂಸು ಬೇಕೆಂದರೆ ಈಗ ಒಂದೇ ಮಾತು ಸಾಕಾಗಿತ್ತು. ಹೌದು, ರಕ್ತದಲ್ಲಿದೆ, ನಮ್ಮಪ್ಪನಿಗಿತ್ತು, ಅಂದರೆ ಆಯಿತು. ಆದಮ್ಮ ಇನ್ನು ಅವಳ ಕೈಗೆ, ಯಾರೂ ತಡೆಯುವವರಿಲ್ಲ. ಆದರೆ ಆ ಮಾತು ಕಟ್ಟೆ ಇಳಿದು ಮಸ್ಕಿ ದಾಟಿ ಸಿಂಧನೂರಿನ ತನಕ ಬಸ್ಸಿಗಿಂತ ಮೊದಲು ಹೋಗಿ ನಿಲ್ಲುತ್ತದೆ. ಹುಡುಗಿಗೆ ಒಂದು ಸೊಳ್ಳೆ ಕಚ್ಚಿ ಕೆಂಪಾದರೂ ಜನ ಬಗ್ಗಿ ನೋಡುತ್ತಾರೆ. ರೋಗ ಬಂದರೂ ಬಾರದಿದ್ದರೂ ಅವಳು ರೋಗ ಬಂದವಳೇ. ಡಾಕ್ಟರಮ್ಮನ ಬಾಯಲ್ಲಿ ಬಿಡುಗಡೆಯಾಗಿದ್ದ ಮಾತು ಈ ಕಟ್ಟೆಯ ಮೇಲೆ ಎರಡು ವರ್ಷದ ಕೂಸಿನ ಮೇಲಿನ ತೀರ್ಪಾಗಿ ನಿಂತಿತ್ತು. ಸುಳ್ಳು ಹೇಳಿದರೆ ತಾನು ಮಾತ್ರ ಹೋಗುತ್ತೇನೆ, ಮಗಳು ಅವಳ ಅಪ್ಪನ ಮನೆಯಲ್ಲಿ ಉಳಿಯುತ್ತಾಳೆ. ಇಷ್ಟನ್ನೆಲ್ಲ ಗದ್ದೆಮ್ಮ ಬಿಡಿಸಿ ಬಿಡಿಸಿ ಯೋಚಿಸಿದಳೆಂದು ಹೇಳಲಾಗದು. ಅಮರಮ್ಮ ಆ ಮೊಣಕೈಯನ್ನು ಹಿಡಿದ ರೀತಿ ಅವಳಿಗೆ ಸಾಕಾಯಿತು.

"ಇಲ್ಲ," ಅಂದಳು. "ರಕ್ತದಾಗಿಲ್ಲ. ಮುಟ್ಟಿದ್ರ ಬರತೈತಿ ಅಂದ್ರು."

"ಏ ಗದ್ದೀ!" ದುರುಗಪ್ಪ ಅರ್ಧ ಎದ್ದ.

"ಅಣ್ಣಗ ಬರೋಬ್ಬರಿ ಕೇಳಿಸಿಲ್ರಿ, ದೂರ ನಿಂತಿದ್ದ. ಬಾಣಂತನಕ್ಕ ಹೋದಾಗ ನಾಟಿ ಮಂದ್ಯಾಗ ಯಾರಿಂದನೋ ನನಗ ಹತ್ತೈತಿ ಅಂದ್ರು. ಮೈಮ್ಯಾಲ ಎದ್ದಾಗಷ್ಟಽ ಮುಟ್ಟಬಾರದಂತ. ಅತ್ತಿ ಆವಾಗ ಕೂಸನ್ನ ದೂರ ಇಟ್ಟಾಳ. ಕೂಸಿಗೇನೂ ಇಲ್ಲ."

ದುರುಗಪ್ಪ ಬಾಯಿ ತೆರೆದ. ಅವನ ಕಣ್ಣ ಮುಂದೆ ಏನು ಬಂತೋ, ಮನೆಯಲ್ಲಿದ್ದ ಇಬ್ಬರು ಹುಡುಗಿಯರೇ ಬಂದಿರಬೇಕು. ತೆರೆದ ಬಾಯಿಯನ್ನು ಮುಚ್ಚಿಕೊಂಡು ಕೂತ. ಮಾಳಿಂಗಪ್ಪ ತಲೆ ಎತ್ತಿದ, ಹೆಂಡತಿಯನ್ನು ನೋಡಿದ, ಮತ್ತೆ ತಗ್ಗಿಸಿದ.

"ನಾ ಹೇಳಲಿಲ್ಲೇನು?" ಅಮರಮ್ಮ ನೆರೆದವರಿಗೆಲ್ಲ ಹೇಳಿದಳು. ಅವಳ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ, ಜೀವ ಬಂದಂಥ ನಿರಾಳ ಇತ್ತು. ಕೂಸನ್ನು ಎದೆಗೊತ್ತಿಕೊಂಡು, ಗದ್ದೆಮ್ಮನ ಕಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಹೆಂಗಸರೂ ಸರಿದರು.

ಮಾತು ಗೊರೇಬಾಳಕ್ಕೂ ಬಂತು. ಮುಟ್ಟಿದರೆ ಬರುತ್ತದೆಂದು ಅವಳೇ ಒಪ್ಪಿಕೊಂಡಿದ್ದಾಳಂತೆ ಅಂದ ಮೇಲೆ ನಾಟಿಯ ಗುಂಪಿನವರು ಅವಳ ಎರಡೂ ಪಕ್ಕ ಒಂದೊಂದು ಸಾಲು ಬಿಟ್ಟು ನಿಂತರು. ಬಿಟ್ಟ ಸಾಲನ್ನು ಹಚ್ಚುವವರಿಲ್ಲವೆಂದು ಮೇಸ್ತ್ರಿ ಬೈದ. ಲಾಲ್‌ಬೀ ಒಬ್ಬಳೇ ಬಂದು ಆ ಸಾಲಿನಲ್ಲಿ ನಿಂತಳು.

"ಹುಟ್ಟಿದಾಗಿಂದ ನಿನ್ನ ಜೋಡಿ ಉಂಡೀನಿ. ನನಗ್ಯಾಕ ಬಂದಿಲ್ಲ?" ಅಂದಳು. "ಸುಳ್ಳ ಹೇಳಿ ಬಂದೀದಿ, ಹೌದಿಲ್ಲೋ?"

"ಸುಮ್ನ ಹಚ್ಚು ಬೇ. ಮೇಸ್ತ್ರಿ ನೋಡಾಕತ್ತಾನ."

"ನೋಡ್ಲಿ ಬಿಡು, ಅವನ ಕಣ್ಣು ಸೇದಿಹೋಗ್ಲಿ."

ಮುಂದಿನ ವರ್ಷ ಮಾಳಿಂಗಪ್ಪನಿಗೆ ಹಟ್ಟಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಮದುವೆಯೂ ಆಗಿತ್ತು. ತಾಯಿಯನ್ನು, ಮಗಳನ್ನು, ಹೊಸ ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಂಡ. ಗದ್ದೆಮ್ಮನಿಗೆ ಬಳ್ಳಾರಿಯಲ್ಲಿ ಕೊಟ್ಟ ಕರಿ ಮುಲಾಮಿನಿಂದ ಬಿಲ್ಲೆಗಳು ಒಮ್ಮೆ ಇಳಿಯುತ್ತಿದ್ದವು, ಒಮ್ಮೆ ಏಳುತ್ತಿದ್ದವು. ಮಗಳನ್ನು ನೋಡಲು ಅವಳು ಒಂದು ಸಲವೂ ಹಟ್ಟಿಗೆ ಹೋಗಲಿಲ್ಲ. ಹೋಗಿ ದೂರ ನಿಂತು ನೋಡುವುದಕ್ಕಿಂತ ಹೋಗದಿರುವುದು ಸುಲಭ ಅನ್ನಿಸಿರಬಹುದು. ಅದನ್ನೂ ಅವಳು ಯಾರಿಗೂ ಹೇಳಿಲ್ಲ.

ಆದಮ್ಮನಿಗೆ ಆ ರೋಗ ಬಂತೋ ಇಲ್ಲವೋ ಗೊತ್ತಿಲ್ಲ. ಬಂದಿದ್ದರೆ ಯಾರನ್ನು ದೂರಿದರು, ಬರದಿದ್ದರೆ ಗದ್ದೆಮ್ಮನ ಸುಳ್ಳಿನಿಂದ ಅವಳಿಗೆ ಒಳ್ಳೆಯದಾಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಒಂದೇ ತಂದೆಯ ಇಬ್ಬರು ಮಕ್ಕಳಲ್ಲಿ ದುರುಗಪ್ಪನನ್ನು ಬಿಟ್ಟು ಗದ್ದೆಮ್ಮನೇ ಯಾಕೆ ಎಂಬುದು ಡಾಕ್ಟರಮ್ಮನಿಗೆ ಆಗ ಗೊತ್ತಿರಲಿಲ್ಲ, ಹಾಗೆಂದು ಅವರೇ ಹೇಳಿದ್ದರು. ಇದನ್ನು ಬರೆದವರಿಗೂ ಗೊತ್ತಿಲ್ಲ.